ಬಿಡ್ತು ಅನ್ನಿಸಿ ಕಳಿಸಿದ್ದೆ

ಐಸಿಯು ಹೊರಗಿನ ಬೆಂಚಿನ ಮೇಲೆ ಶಾರದಾ ಬಂದು ಪಕ್ಕ ಕೂತಾಗ ನನಗೆ ಅವರ ಮುಖ ನೋಡಲಾಗಲಿಲ್ಲ. ವಸಂತಪುರದಲ್ಲಿ ನಮ್ಮ ಎದುರುಮನೆಯವರು, ವಿಮೆ ಮಾಡಿಸುವುದು ಅವರ ಕೆಲಸ. ವರಮಹಾಲಕ್ಷ್ಮಿ ಹಬ್ಬಕ್ಕೆ ಕುಂಕುಮ ತಗೊಳ್ಳೋಕೆ ಬಂದಾಗ, "ಅಣ್ಣಂದು ಸ್ವಂತ ಕೆಲಸ, ಕಂಪನಿ ಇನ್ಶೂರೆನ್ಸ್ ಇರಲ್ಲ. ನಾಳೆ ಅವರಿಗೆ ಏನಾದ್ರೂ ಆದ್ರೆ..." ಎಂದು ಶುರು ಮಾಡಿದ್ದರು.

"ಬಿಡ್ತು ಅನ್ರೀ. ಹಬ್ಬದ ದಿನ ಗಟ್ಟಿಮುಟ್ಟಾಗಿರೋರ ಬಗ್ಗೆ ಆಡೋ ಮಾತಾ ಇದು?" ಎಂದು ನಾನು ರೇಗಿದ್ದೆ. ಅಲ್ಲೇ ಕೂತಿದ್ದ ನಮ್ಮನೆಯವರು ನಕ್ಕಿದ್ದರು. ಶಾರದಾ ಪಾಪ, "ಬಿಡ್ತು" ಎಂದು ಫಾರಂ ಬ್ಯಾಗಿಗೆ ಹಾಕಿಕೊಂಡು ಹೋಗಿದ್ದರು.

ನಮ್ಮನೆಯವರು ಮರಗೆಲಸದವರು. ಜ್ವರ ಅಂತ ಒಂದು ದಿನ ಮಲಗಿದವರಲ್ಲ. ಅರೆಕೆರೆಯಲ್ಲಿ ಯಾರದೋ ಮನೆಗೆ ಬಾಗಿಲು ಕೂರಿಸುತ್ತಿದ್ದಾಗ ಸ್ಟ್ರೋಕ್ ಆಗಿ ಬಿದ್ದರು. ಬಲಗೈ ಹೋಯಿತು, ಮಾತೂ ಹೋಯಿತು. ಮೂರೇ ದಿನಕ್ಕೆ ಅವರ ಮರ ಕೊಯ್ಯುವ ಮಷೀನು ಮಾರಿದ್ದೆ.

"ಇನ್ನು ಇವರಿಗೆ ಪಾಲಿಸಿ ಸಿಗುತ್ತಾ?" ಎಂದು ಕೇಳಿದೆ.

"ಕಷ್ಟ ಅಕ್ಕ," ಎಂದರು ಶಾರದಾ. "ನೀವು ಆರೋಗ್ಯವಾಗಿದ್ದೀರ. ನಿಮ್ಮ ಟೈಲರಿಂಗೂ ಸ್ವಂತದ್ದೇ. ನಾಳೆ ನಿಮಗೇನಾದ್ರೂ..." ಎಂದವರು ಮಾತು ಅರ್ಧಕ್ಕೇ ನುಂಗಿ ನನ್ನ ಮುಖ ನೋಡಿದರು.

"ಹೇಳಿ," ಎಂದೆ. "ಪೂರ್ತಿ ಹೇಳಿ."

ಫಾರಂಗೆ ಅಲ್ಲೇ ಸಹಿ ಹಾಕಿದೆ. ನಮ್ಮನೆಯವರು ಈಗ ಮನೆಯಲ್ಲಿದ್ದಾರೆ, ಮಾತು ಇನ್ನೂ ಬಂದಿಲ್ಲ. ಮನೆಗೆ ಬಂದವರು ಯಾರಾದರೂ ಏನೋ ಮಾತಿಗೆ "ಬಿಡ್ತು ಅನ್ನು" ಎಂದರೆ, ಗೋಡೆಗೊರಗಿ ಕೂತ ಇವರು ತಲೆ ಎತ್ತಿ ನನ್ನನ್ನೇ ನೋಡುತ್ತಾರೆ.