ನೀರು ಕುಡಿಯುವ ಪುಟ

ಗೆಳೆಯರೇ, ಇ-ಪುಸ್ತಕವೇ ಮೇಲು ಎಂದು ಬರೆದು ಬರೆದು ನಿಮ್ಮ ತಲೆ ತಿಂದವನು ನಾನೇ. ಇವತ್ತು ಜೋರಾಪುರ ಪೇಟೆಯ ನಮ್ಮ ಮನೆಯಲ್ಲಿ ಅವ್ವನ ಕೈಗೂ ಟ್ಯಾಬ್ ಕೊಟ್ಟೆ. ಪ್ರತಿ ಶ್ರಾವಣದಲ್ಲಿ ಪುರಾಣ ಓದಿ ಹೇಳುತ್ತಿದ್ದ ಅಪ್ಪ ಈ ವರ್ಷ ಇಲ್ಲ. ಹಳೆಯ ಪುಸ್ತಕದ ಸಣ್ಣ ಅಕ್ಷರ ಅವ್ವನಿಗೆ ಕಾಣುವುದಿಲ್ಲ.

“ಯವ್ವಾ, ಇದರಾಗ ಅಕ್ಷರ ಬೇಕಾದಷ್ಟು ದೊಡ್ಡವು ಮಾಡಬೌದು. ಹಾಳಿ ಹರಿಯಂಗಿಲ್ಲ, ದೀಪದ ಎಣ್ಣಿ ಬಿದ್ದು ಕಲೆ ಆಗಂಗಿಲ್ಲ,” ಅಂದೆ.

ಅವ್ವ ಟ್ಯಾಬನ್ನು ಕಣ್ಣಿಗೊತ್ತಿಕೊಂಡು ಅದರಲ್ಲಿದ್ದ ಅದೇ ಪುರಾಣ ಓದತೊಡಗಿದಳು. ಸ್ವಲ್ಪ ಹೊತ್ತಿಗೆ ನಿಲ್ಲಿಸಿ, ಪುಟಗಳನ್ನು ಹಿಂದೆ ಮುಂದೆ ಸರಿಸಿದಳು.

“ಏನ್ ಹುಡುಕಾಕತ್ತೀಬೇ?”

“ಎಣ್ಣಿ ಬಿದ್ದಿದ್ದ ಹಾಳಿ, ಯಪ್ಪಾ. ಅಲ್ಲಿಗೆ ಬಂದಕೂಡ್ಲೆ ನಿಮ್ಮಪ್ಪ ಓದೂದು ನಿಂದ್ರಿಸಿ ನೀರು ಕೇಳ್ತಿದ್ರು.”

ತುಂಬಿದ ತಂಬಿಗೆ ಅವಳ ಪಕ್ಕದಲ್ಲೇ ಇತ್ತು.

ಕಲೆ ಆಗುವುದಿಲ್ಲ ಎಂಬುದು ನನ್ನ ಕಾರಣಗಳಲ್ಲೆಲ್ಲ ಗಟ್ಟಿಯಾದ ಕಾರಣವಾಗಿತ್ತು, ನೋಡಿ.