ಎರಡು ಎಲೆಬಳ್ಳಿ

ಎಪ್ಪತ್ತರ ದಶಕದಲ್ಲಿ, ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ, ನಮ್ಮ ಪಕ್ಕದ ಮನೆಯಾಕೆ ಬಚ್ಚಲ ಗೋಡೆಗೆ ಹಗ್ಗ ಇಳಿಬಿಟ್ಟು ಎರಡು ವೀಳ್ಯದೆಲೆ ಬಳ್ಳಿ ಹಬ್ಬಿಸಿದ್ದಳು. ಒಂದು ಮಾಳಿಗೆ ಮುಟ್ಟಿತ್ತು. ಇನ್ನೊಂದು ಮೊಣಕಾಲೆತ್ತರಕ್ಕೇ ನಿಂತು ಹಳದಿಯಾಗುತ್ತಿತ್ತು.

"ಎರಡಕ್ಕೂ ಒಂದ ಸಮ ನೀರು ಹಾಕ್ತೀನವ್ವಾ" ಎಂದು ಕೊಡ ಬಗ್ಗಿಸುವಾಗಲೆಲ್ಲ ನನಗೆ ಹೇಳುವಳು, ಹೆಬ್ಬೆರಳಿನಿಂದ ಎಲೆಯ ಬೆನ್ನು ಸವರುತ್ತ.

ಮುಟ್ಟಾದವರ ಕೈ ತಗುಲಿದರೆ ಎಲೆಬಳ್ಳಿ ಒಣಗುತ್ತದೆಂದು ಎಲ್ಲರೂ ನಂಬಿದ್ದ ಕಾಲ. ಆಕೆಯ ಕಣ್ಣು ಹೊಸ ಸೊಸೆಯ ಮೇಲೆ ಬಿತ್ತು. "ನಾ ಆ ಕಡಿಗೆ ಹೋಗೇ ಇಲ್ರಿ ಅತ್ತಿ" ಎಂದು ಆ ಹುಡುಗಿ ಎಷ್ಟು ಸಲ ಹೇಳಿತೋ. ಕೊನೆಗೊಂದು ಬೆಳಿಗ್ಗೆ ಸೊಸೆಯನ್ನು ಸಿರುಗುಪ್ಪದ ತವರಿಗೆ ಬಸ್ಸು ಹತ್ತಿಸಿಬಿಟ್ಟಳು.

ಬಳ್ಳಿ ಆಮೇಲೂ ಏಳಲಿಲ್ಲ. ಕಿತ್ತುಹಾಕಲು ಅಗೆದಾಗ ಗುದ್ದಲಿಗೆ ಬಿಳಿ ಹೆಂಟೆ ಹತ್ತಿತು. ಮಗನ ಮದುವೆಗೆಂದು ಗೋಡೆಗೆ ಬಳಿಯಲು ಆಕೆಯೇ ಸುಣ್ಣ ಅರಳಿಸಿದ್ದ ಗುಂಡಿ ಅದು. ಮೇಲೆ ಮಣ್ಣೆಳೆದು ಮರೆತಿದ್ದಳು. ಬೇರು ಸುಟ್ಟು ಕರ್ರಗಾಗಿತ್ತು.

ಮರುದಿನ ಒಳ್ಳೆಯ ಬಳ್ಳಿಯ ಎಲೆ ಕೊಯ್ದು, ಅಡಿಕೆ ಇಟ್ಟುಕೊಂಡು, ಸೊಸೆಯನ್ನು ಕರೆತರಲು ಹೋದಳು. ಸಂಜೆ ಒಬ್ಬಳೇ ಬಂದಳು. ಎಲೆಗಳು ಸೆರಗಿನಲ್ಲೇ ಬಾಡಿದ್ದವು.

"ಬಾಗಲಾ ತೆಗೀಲಿಲ್ಲವ್ವಾ."

ಅಂದಿನಿಂದ ಕೊಡ ಮುಟ್ಟಲಿಲ್ಲ. ಬೇಸಿಗೆ ಬಂದಾಗ ದೊಡ್ಡ ಬಳ್ಳಿಯೂ ಮುದುಡತೊಡಗಿತು. ನೋಡಲಾರದೆ ನಾನೇ ನೀರು ಹಾಕಲು ಹೋದರೆ ನನ್ನ ಕೈ ಹಿಡಿದಳು.

"ಬ್ಯಾಡ ಬಿಡವ್ವಾ. ಎರಡಕ್ಕೂ ಒಂದ ಸಮ ಆಗ್ಲಿ."