ಮಾಗಳದಿಂದ ತಂದ ಗೇರ್ ಬಾಕ್ಸ್

ನಮ್ಮೂರಿಗೆ ಬಸ್ಸು ಬರುವುದಕ್ಕೆ ಮುಂಚಿನ ಮಾತು. ಹಂಪಸಾಗರದ ಕಡೆಯ ಎರೆಭೂಮಿಯಲ್ಲಿ ಹುಟ್ಟಿದವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ಆ ಕಪ್ಪು ಮಣ್ಣು ಮಳೆ ಬಿದ್ದರೆ ಅಂಟಾಗಿಬಿಡುತ್ತಿತ್ತು, ಮೆಟ್ಟಿದ ಚಪ್ಪಲಿಯನ್ನು ಹಿಂದಕ್ಕೆ ಕೊಡುತ್ತಿರಲಿಲ್ಲ. ಮುಂಗಾರು ಹಿಡಿಯಿತೆಂದರೆ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿ ಇಲ್ಲವೆಂದೇ ಲೆಕ್ಕ. ಮಾಸ್ತರು ಬರುತ್ತಿರಲಿಲ್ಲ, ಟಪಾಲಿನವನು ಬರುತ್ತಿರಲಿಲ್ಲ. ಉಪ್ಪು, ಸೀಮೆಎಣ್ಣೆ ಮೊದಲೇ ತಂದಿಟ್ಟುಕೊಳ್ಳುತ್ತಿದ್ದೆವು. ಕಾಯಿಲೆ ಮಾತ್ರ ಮಳೆ ಬಿಸಿಲು ನೋಡಿ ಬರುತ್ತಿರಲಿಲ್ಲ.

ನನ್ನ ಅವ್ವ ಅಂಥದೊಂದು ಮಳೆಗಾಲದಲ್ಲಿ ತೀರಿಕೊಂಡಳು. ಹೆರಿಗೆ ಕಷ್ಟವಾಯಿತೆಂದು ಚಕ್ಕಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ಹೊರಟವರು ಅರ್ಧ ದಾರಿಯಿಂದ ಹಾಗೆಯೇ ವಾಪಸು ಬಂದರು. ಹೊಟ್ಟೆಯೊಳಗಿನ ಕೂಸೂ ಉಳಿಯಲಿಲ್ಲ. ನನಗಾಗ ಒಂಬತ್ತೋ ಹತ್ತೋ. ದಾರಿಯಲ್ಲಿ ಏನಾಯಿತೆಂದು ನನಗೆ ಯಾರೂ ಹೇಳಲಿಲ್ಲ. ಅಪ್ಪ ಸಂಡೂರಿನ ಗಣಿಗಳ ಕಡೆ ಅದಿರು ಲಾರಿ ನಡೆಸುತ್ತಿದ್ದವನು, ಹೆರಿಗೆಗೆಂದು ಊರಿಗೆ ಬಂದಿದ್ದ, ಆಮೇಲೆ ಆ ಕೆಲಸ ಬಿಟ್ಟು ಮನೆಯಲ್ಲೇ ಉಳಿದ. ಅವ್ವನ ಹೆಸರನ್ನು ಬಾಯಿಗೆ ತರುತ್ತಿರಲಿಲ್ಲ. ಅಜ್ಜಿ ಆ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದ.

ಸುಗ್ಗಿ ಮುಗಿದ ಮೇಲೆ ಒಂದು ದಿನ ಹೊಸಪೇಟೆಯ ಕಡೆ ಹೋದವನು ಲಾರಿಯೊಂದರ ಹಿಂದೆ ಕಟ್ಟಿಸಿಕೊಂಡು, ಕೊನೆಗೆ ನಮ್ಮ ದಾರಿಯಲ್ಲಿ ಎತ್ತು ಹೂಡಿ ಎಳೆಸಿಕೊಂಡು, ಒಂದು ಜೀಪು ತಂದ. ಅದನ್ನು ಜೀಪು ಎನ್ನಬೇಕೆಂದರೆ ಧೈರ್ಯ ಬೇಕಿತ್ತು. ಡ್ಯಾಮು ಕಟ್ಟುವ ಕಾಲದಲ್ಲಿ ಓಡಾಡಿ, ಯಾವುದೋ ಶೆಡ್ಡಿನ ಹಿಂದೆ ಬಿದ್ದು ಕೊಳೆತಿದ್ದ ಗಾಡಿ. ನೆಲದ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಸೀಟಿನ ತೆಂಗಿನ ನಾರಿನಲ್ಲಿ ಇಲಿ ಮರಿ ಹಾಕಿದ್ದವು. ಬೇವಿನ ಮರದ ಕೆಳಗೆ ಅದನ್ನು ನಿಲ್ಲಿಸಿದ ಮೇಲೆ ಓಣಿಯ ಹುಡುಗರೆಲ್ಲ ನಮ್ಮ ಮನೆಯಲ್ಲೇ. ನಾನು ಕಂಡಕ್ಟರು, ಬೇವಿನ ಎಲೆ ಹರಿದು ಕೊಟ್ಟರೆ ಅದೇ ಟಿಕೀಟು. ಕೂತವರ ಕಾಲು ತೂತಿನಲ್ಲಿ ಇಳಿದು ನೆಲಕ್ಕೆ ಮುಟ್ಟುತ್ತಿದ್ದವು, ಹಾಗಾಗಿ ನಮ್ಮ ಗಾಡಿಯನ್ನು ನಾವೇ ನಡೆದು ನಡೆಸುತ್ತಿದ್ದೆವು. ಸಂಜೆ ಕೈಗೆ, ಲಂಗಕ್ಕೆ ತುಕ್ಕಿನ ವಾಸನೆ ಹತ್ತಿರುತ್ತಿತ್ತು. ಹಸಿ ನೆತ್ತರಿನಂಥ ವಾಸನೆ ಅದು.

ಆ ಬೇಸಿಗೆ ಶಾಲೆಗೆ ರಜೆ. ಅಪ್ಪ ಸಾಮಾನು ಹುಡುಕಲು ಹೊರಟಾಗಲೆಲ್ಲ ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ಅಜ್ಜಿ ಕಟ್ಟಿಕೊಡುತ್ತಿದ್ದ ಕಟಕ ರೊಟ್ಟಿ, ಗುರೆಳ್ಳು ಪುಡಿ ನನ್ನ ಚೀಲದಲ್ಲಿ. ಮುರಿದ ಸಾಮಾನು ಅಪ್ಪನ ಗೋಣಿಚೀಲದಲ್ಲಿ. ಮುರಿದದ್ದನ್ನು ತೋರಿಸಿ, ಇಂಥದು ಇದೆಯೇ ಎಂದು ಕೇಳುವುದೇ ನಮ್ಮ ಕೆಲಸ. ಕೊಟ್ಟೂರಿನಲ್ಲಿ ಒಬ್ಬ ಕಮ್ಮಾರ ಡಾಂಬರಿನ ಡ್ರಮ್ಮು ಸೀಳಿ, ಬಡಿದು ಚಪ್ಪಟೆ ಮಾಡಿ, ನೆಲಕ್ಕೆ ಹೊಸ ತಗಡು ಕೂಡಿಸಿಕೊಟ್ಟ. ಹರಪನಹಳ್ಳಿಯ ಗುಜರಿ ಅಂಗಡಿಯಲ್ಲಿ ಎರಡು ದಿನ ಹುಡುಕಿ ಕಾರ್ಬೊರೇಟರು, ಒಂದು ಸ್ಟೇರಿಂಗ್ ಚಕ್ರ ಸಿಕ್ಕವು. ಬಸ್ ಸ್ಟ್ಯಾಂಡಿನಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುವಾಗ ಆ ಚಕ್ರ ನನ್ನ ತೊಡೆಯ ಮೇಲಿತ್ತು. ಹಗರಿಬೊಮ್ಮನಹಳ್ಳಿ ಬರುವವರೆಗೂ ಬಸ್ಸನ್ನು ನಾನೇ ತಿರುಗಿಸಿದೆ. ಅಪ್ಪ ನೋಡಿ ನಕ್ಕ. ಅವ್ವ ಹೋದ ಮೇಲೆ ಅವನು ನಕ್ಕಿದ್ದನ್ನು ನಾನು ಅಂದೇ ಕಂಡದ್ದು.

ತಂದದ್ದನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಮರಳುಕಾಗದದಿಂದ ತಿಕ್ಕಿ, ಕಟ್ಟೆಯ ಮೇಲೆ ಸಾಲಾಗಿ ಒಣಹಾಕುತ್ತಿದ್ದೆವು. ಬೇಸಿಗೆ ಅರ್ಧ ಕಳೆಯುವ ಹೊತ್ತಿಗೆ ಇಂಜಿನ್ ಕೆಮ್ಮಿ, ಹೊಗೆ ಕಾರಿ, ಚಾಲೂ ಆಯಿತು. ಓಣಿಯವರು ತೆಂಗಿನಕಾಯಿ ಒಡೆಯಲು ತಯಾರಾದರು. ಅಪ್ಪ ಬೇಡವೆಂದ. ಅಸಲು ಸಾಮಾನು ಇನ್ನೂ ಸಿಕ್ಕಿರಲಿಲ್ಲ. ದೊಡ್ಡ ಗೇರ್ ಬಾಕ್ಸಿನ ಹಿಂದೆ ಇನ್ನೊಂದು ಸಣ್ಣ ಬಾಕ್ಸು ಇರುತ್ತದೆ. ಮುಂದಿನ ಗಾಲಿಗಳಿಗೂ ಎಳೆತ ಕೊಡುವುದು ಅದೇ. ನಮ್ಮ ಗಾಡಿಯದು ಒಡೆದು, ಒಳಗಿನ ಹಲ್ಲುಗಳೆಲ್ಲ ಉದುರಿದ್ದವು.

ಕೂಡ್ಲಿಗಿಯಲ್ಲಿ ಲಾರಿಗಳು ನಿಲ್ಲುವ ಕಡೆ ಒಬ್ಬ ಹಳೆಯ ಮೇಸ್ತ್ರಿ ಅಪ್ಪನಿಗೆ ಪರಿಚಯ. ಮುಂದಿನ ಎಳೆತ ತೆಗೆದುಹಾಕಿ ಹಿಂದಿನ ಎರಡೇ ಗಾಲಿಯ ಮೇಲೆ ಓಡಿಸು, ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಅವನು ಬುದ್ಧಿ ಹೇಳಿದ. ಅಪ್ಪ ಒಪ್ಪಲಿಲ್ಲ.

"ಹಿಂದಿನ ಎರಡು ಗಾಲಿ ಚಕ್ಕಡಿಗೂ ಅದಾವಲ್ಲೋ," ಎಂದ. "ಎರಿಯಾಗ ಹೊಕ್ಕರ ಹೊಳ್ಳಿ ಬರಬೇಕು. ನಾಕೂ ಎಳೀಬೇಕು."

ಆಗ ಮೇಸ್ತ್ರಿ, ಹಡಗಲಿಯ ಆಚೆ ಮಾಗಳದಲ್ಲಿ ಇಂಥದೇ ಒಂದು ಗಾಡಿ ನಿಂತಿದೆ ಎಂದ. ನಡೆಸುವವನು ಸತ್ತಿದ್ದಾನೆ, ಅವನ ತಾಯಿ ಒಂದು ನಟ್ಟನ್ನೂ ಯಾರಿಗೂ ಕೊಟ್ಟಿಲ್ಲ, ಹೋಗಿ ಪ್ರಯೋಜನವಿಲ್ಲ ಎಂದೂ ಹೇಳಿದ.

ಆದರೂ ಹೋದೆವು. ಹಡಗಲಿಯವರೆಗೆ ಬಸ್ಸು, ಅಲ್ಲಿಂದ ಕಬ್ಬಿಣ ಹೇರಿದ ಚಕ್ಕಡಿಯಲ್ಲಿ. ಹೊಳೆ ಬತ್ತಿ ಮರಳು ಹೊಳೆಯುತ್ತಿತ್ತು. ಮನೆ ಊರ ಅಂಚಿನಲ್ಲಿತ್ತು. ಅಂಗಳದ ಹುಣಸೆ ಮರದ ಕೆಳಗೆ ಆ ಜೀಪು ನಿಂತಿತ್ತು. ಮೂತಿಯ ಮೇಲೆ ಹಳೆಯ ಕೌದಿ ಹೊದಿಸಿದ್ದರು, ಮಲಗಿದವರಿಗೆ ಹೊದಿಸಿದ ಹಾಗೆ. ಒಳಗಿನಿಂದ ಬಂದ ಮುದುಕಿ ಎತ್ತರದ ಹೆಂಗಸು. ಅಪ್ಪ ಬಂದ ಕೆಲಸ ಹೇಳುತ್ತಲೇ ತಲೆ ಅಲ್ಲಾಡಿಸಿದಳು.

"ಅದನ್ನ ಮುಟ್ಟಬ್ಯಾಡ್ರಿ. ದೂರದಿಂದ ಬಂದೀರಿ, ಉಂಡು ಹೋಗ್ರಿ."

ಬಿಸಿ ರೊಟ್ಟಿ, ಹಿಟ್ಟಿನ ಪಲ್ಯ ಬಡಿಸಿದಳು. ಅಪ್ಪನಿಗೆ ಇನ್ನೊಮ್ಮೆ ಕೇಳುವ ಮನಸ್ಸಿರಲಿಲ್ಲ. ತಲೆ ತಗ್ಗಿಸಿ ಉಣ್ಣುತ್ತಿದ್ದ. ಮುದುಕಿ ನನ್ನ ಜಡೆ ನೋಡಿ, ಇದನ್ನು ಯಾರು ಹಾಕಿದರು, ನಿಮ್ಮವ್ವ ಯಾಕೆ ಬರಲಿಲ್ಲ ಎಂದು ಕೇಳಿದಳು. ನಾನು, ಅವ್ವ ಇಲ್ಲ, ಹೆರಿಗೆಯಲ್ಲಿ ತೀರಿಕೊಂಡಳು ಎಂದೆ. ಮುದುಕಿ ಅಪ್ಪನ ಕಡೆ ತಿರುಗಿದಳು.

"ಹೆಂಗಾತು ತಮ್ಮ?"

ಅಪ್ಪನ ಕೈ ತುತ್ತಿನ ಮೇಲೆ ನಿಂತಿತು. ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ.

"ಮಳಿ ಹಿಡದಿತ್ತು ಯವ್ವ. ಚಕ್ಕಡಿ ಎರಿಯಾಗ ಹೂತುಬಿಡ್ತು. ಎತ್ತು ಮೊಣಕಾಲೂರಿದ್ವು. ಅಲ್ಲಿಂದ ಬೊಮ್ಮನಹಳ್ಳಿ ಕಾಣತಿತ್ತು, ಅಷ್ಟು ಹತ್ರ ಹೋಗಿದ್ವಿ." ತುತ್ತನ್ನು ಗಂಗಾಳದಲ್ಲಿಟ್ಟ. "ಕಡೀಗೆ ಆಕಿಗೆ ಲಾರ್ಯಾಗ ಅದೀನಿ ಅನಸಿತ್ತೋ ಏನೋ. 'ನೀ ನಡಸು, ನೀನಾದ್ರ ಜಲ್ದಿ ಮುಟ್ಟಸ್ತಿ' ಅಂದ್ಲು. ನಾ ಹಿಂದ ನಿಂತು ಗಾಲಿ ಎತ್ತಾಕ ಹತ್ತಿದ್ದೆ."

ಅವ್ವ ಆಡಿದ ಕೊನೆಯ ಮಾತು ನನಗೆ ಗೊತ್ತಾದದ್ದು ಹೀಗೆ, ಅಪರಿಚಿತರ ಪಡಸಾಲೆಯಲ್ಲಿ, ಗಂಗಾಳದ ಮುಂದೆ ಕೂತು. ನಾನು ಅಳಲಿಲ್ಲ. ರೊಟ್ಟಿಯನ್ನು ಚೂರು ಚೂರು ಮಾಡುತ್ತಾ ಕೂತೆ.

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಜೀಪಿನ ಕಡೆ ನೋಡಿದಳು. ಆಮೇಲೆ ತನ್ನ ಮಗನ ವಿಷಯ ಹೇಳಿದಳು. ಹೊಲದಲ್ಲಿ ಅವನಿಗೆ ಹಾವು ಮುಟ್ಟಿತ್ತು. ಮಂದಿ ಎತ್ತಿಕೊಂಡು ಬಂದು ಇದೇ ಅಂಗಳದಲ್ಲಿ ಮಲಗಿಸಿದರು.

"ಗಾಡಿ ಇಲ್ಲೇ ನಿಂತಿತ್ತು ತಮ್ಮ. ಎಣ್ಣಿ ಇತ್ತು, ಚಾವಿ ಇತ್ತು. ಊರಾಗ ಅದನ್ನ ನಡಸಾಕ ಬರತಿದ್ದಾವ ಅವ ಒಬ್ಬನ."

ಅಂಗಳದಲ್ಲಿ ಒಂದು ಕೋಳಿ ಕೆರೆಯುತ್ತಿತ್ತು. ಅವಳೇ ಎದ್ದು ಹೋಗಿ ಕೌದಿ ತೆಗೆದು ಮಡಚಿದಳು. ಬಿಚ್ಚಿಕೋ ಎಂದಳು. ಅಪ್ಪ ಕೊಡಲು ತಂದ ದುಡ್ಡನ್ನು ಸೊಂಟದಿಂದ ತೆಗೆಯಹೋದರೆ ಕೈ ಅಡ್ಡ ಹಿಡಿದಳು.

"ಅದು ಬ್ಯಾಡ. ಒಂದು ಮಾತು ಕೊಡು. ನೀ ಒಬ್ಬನ ಕಲತು ಕುಂದ್ರಬ್ಯಾಡ. ಮನ್ಯಾಗ ಇನ್ನೊಬ್ರಿಗೆ ಕಲಸು."

ತನಗೆ ಗಂಡುಮಕ್ಕಳಿಲ್ಲ ಎಂದ ಅಪ್ಪ.

"ಈಕಿಗೆ ಕೈ ಇಲ್ಲೇನು, ಕಾಲಿಲ್ಲೇನು?"

ಅಪ್ಪ ನನ್ನನ್ನು ನೋಡಿದ. ಅವನ ಲೆಕ್ಕದಲ್ಲಿ ನಾನು ಅಂದಿನವರೆಗೆ ರೊಟ್ಟಿಯ ಚೀಲ ಹಿಡಿಯುವವಳು. ಆಗಲಿ ಎಂದು ಗೋಣು ಹಾಕಿದ. ಸಂಜೆಯವರೆಗೆ ಗಾಡಿಯ ಅಡಿಯಲ್ಲಿ ಮಲಗಿ ಬೋಲ್ಟು ಬಿಚ್ಚಿದ. ಪಾನಾ ಕೊಡುತ್ತಾ ನಾನು ಪಕ್ಕದಲ್ಲಿ ಮಲಗಿದ್ದೆ. ಬಾಕ್ಸು ಕೈಗೆ ಇಳಿದಾಗ ಹಳೆಯ ಎಣ್ಣೆ ಅವನ ಎದೆಯ ಮೇಲೆ ಚೆಲ್ಲಿತು. ಮುದುಕಿ ತಾನೇ ಗೋಣಿಚೀಲ ಹಿಡಿದಳು.

ಮುಂಗಾರಿಗೆ ಮೊದಲೇ ಜೀಪು ನಾಲ್ಕೂ ಗಾಲಿಯ ಮೇಲೆ ಎಳೆಯಿತು. ನಾವು ಮೊದಲು ಹೋದದ್ದು ಮಾಗಳಕ್ಕೆ. ಸದ್ದು ಕೇಳಿ ಮುದುಕಿ ಬಾಗಿಲಿಗೆ ಬಂದು, ಕಂಬ ಹಿಡಿದು ಆಲಿಸಿದಳು. ನನ್ನ ಮಗನದು ಹೀಗೆ ಸದ್ದು ಮಾಡುತ್ತಿರಲಿಲ್ಲ ಎಂದಳು. "ಇದು ಬ್ಯಾರೆ ಗಾಡಿ. ಇರ್ಲಿ, ಚಲೋ ಆತು." ಹೊಳೆಯವರೆಗೆ ನಮ್ಮ ಜೊತೆ ಕೂತು ಬಂದಳು.

ಅಪ್ಪ ಕೊಟ್ಟ ಮಾತು ಉಳಿಸಿಕೊಂಡ. ನನ್ನ ಕಾಲು ಕ್ಲಚ್ಚಿಗೆ ಎಟುಕುವ ವರ್ಷ ಬೀಳುಬಿದ್ದ ಹೊಲದಲ್ಲಿ ಕಲಿಸತೊಡಗಿದ. ಅಜ್ಜಿ ಊಟ ಬಿಟ್ಟಳು, ಇಂಥವಳನ್ನು ಮದುವೆಯಾಗಲು ಯಾರು ಬರುತ್ತಾರೆ ಎಂದು ಓಣಿ ಆಡಿಕೊಂಡಿತು. ಅಪ್ಪ ಕಲಿಸುವುದನ್ನು ಬಿಡಲಿಲ್ಲ.

ನನಗೆ ಹದಿನೈದು ತುಂಬಿದ ಮಳೆಗಾಲದಲ್ಲಿ ಅಪ್ಪ ಚಳಿಜ್ವರದಿಂದ ಮಲಗಿದ್ದ. ಪಕ್ಕದ ಓಣಿಯ ಗಂಗಮ್ಮನಿಗೆ ಬೇನೆ ಶುರುವಾಗಿ, ಸೂಲಗಿತ್ತಿ ಕೈಚೆಲ್ಲಿದಳು. ಗಂಗಮ್ಮನ ಗಂಡ ಬಂದು ನಮ್ಮ ಬಾಗಿಲಲ್ಲಿ ನಿಂತು ಅಪ್ಪನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಅಪ್ಪ ಕಂಬಳಿಯೊಳಗಿನಿಂದಲೇ ಹೇಳಿದ:

"ಪಾರಿ, ಸಣ್ಣ ಗೇರಿನಾಗ ಹಾಕು. ಬ್ರೇಕ್ ಮುಟ್ಟಬ್ಯಾಡ. ಎಲ್ಲೂ ನಿಂದ್ರಬ್ಯಾಡ."

ನಿಲ್ಲಲಿಲ್ಲ. ಕೆಸರು ಮುಂದಿನ ಗಾಜಿಗೆ ಸಿಡಿಯುತ್ತಿತ್ತು, ಗಾಡಿ ಎಮ್ಮೆಯ ಹಾಗೆ ಅತ್ತ ಇತ್ತ ಹೊರಳುತ್ತಿತ್ತು, ಆದರೂ ನಾಲ್ಕೂ ಗಾಲಿ ಕಚ್ಚಿ ಹಿಡಿದು ಮುಂದಕ್ಕೆ ಎಳೆದವು. ಹಿಂದೆ ಗಂಗಮ್ಮ ನರಳುತ್ತಿದ್ದಳು. ಅವ್ವ ತೀರಿಕೊಂಡ ಜಾಗ ಯಾವುದೆಂದು ಅಪ್ಪ ನನಗೆ ತೋರಿಸಿರಲಿಲ್ಲ. ಬೊಮ್ಮನಹಳ್ಳಿ ಕಣ್ಣಿಗೆ ಬಿದ್ದ ಮೇಲೆ ಪ್ರತಿ ತಿರುವೂ ಅದೇ ಇರಬಹುದು ಅನ್ನಿಸಿತು. ಗಂಗಮ್ಮನಿಗೆ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮನೆಗೆ ಬಂದು ಹೇಳಿದಾಗ ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ.

ಆಮೇಲೆ ಎಷ್ಟೋ ವರ್ಷ ಆ ಜೀಪು ಸುತ್ತಿನ ಹಳ್ಳಿಗಳ ಬಸುರಿ ಬಾಣಂತಿಯರನ್ನು ಹೊತ್ತಿತು. ಅರ್ಧ ಸಲ ನಾನೇ ನಡೆಸುತ್ತಿದ್ದೆ. ಜೊತೆಗೆ ಬರುತ್ತಿದ್ದ ಹಿರಿಯ ಹೆಂಗಸರು ಹಿಂತಿರುಗುವಾಗ, ಜೀವದ ಭಯ ಇಳಿದ ಮೇಲೆ, ನನ್ನ ಪಕ್ಕದಲ್ಲಿ ಕೂತು ಅವ್ವನ ಮಾತು ತೆಗೆಯುತ್ತಿದ್ದರು. ಕಳೆ ತೆಗೆಯುವಾಗ ಎಲ್ಲರಿಗಿಂತ ಮುಂದೆ ಅವಳ ಸಾಲು ಇರುತ್ತಿತ್ತು ಎಂದು ಒಬ್ಬಳು, ಬಾವಿಯ ಹತ್ತಿರ ಅವಳ ಜೊತೆ ಜಗಳಾಡಿ ಗೆದ್ದವರಿಲ್ಲ ಎಂದು ಇನ್ನೊಬ್ಬಳು. ಅಪ್ಪ ಆಡದ ಮಾತುಗಳನ್ನೆಲ್ಲ ನಾನು ಆ ದಾರಿಯಲ್ಲಿ ಕೇಳಿದೆ.

ಈಗ ಅಲ್ಲಿ ಡಾಂಬರು ರಸ್ತೆ. ಫೋನು ಮಾಡಿದರೆ ಗಾಡಿ ಮನೆ ಮುಂದೆ ಬಂದು ನಿಲ್ಲುತ್ತದೆ. ಆ ಕೆಸರಿನ ದಾರಿ ಹೋದದ್ದಕ್ಕೆ ನನಗೆ ಒಂದಿಷ್ಟೂ ದುಃಖವಿಲ್ಲ. ಅದು ಇನ್ನೂ ಮೊದಲೇ ಹೋಗಬೇಕಿತ್ತು. ಬಸ್ಸು ಬಂದ ಮೇಲೆ ಅಪ್ಪ ಜೀಪನ್ನು ಉಜ್ಜಿನಿ ಕಡೆಯವರಿಗೆ ಕೊಟ್ಟುಬಿಟ್ಟ. ಅಪ್ಪನೂ ಹೋದ. ನನ್ನ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದ ಆ ಹೆಂಗಸರು ಒಬ್ಬೊಬ್ಬರಾಗಿ ಹೋದರು. ಕಳೆದ ವರ್ಷ ಗಂಗಮ್ಮನೂ ಹೋದಳು. ಅವ್ವನನ್ನು ಕಣ್ಣಾರೆ ಕಂಡವರು ಊರಲ್ಲಿ ಈಗ ನನ್ನನ್ನು ಬಿಟ್ಟರೆ ಯಾರೂ ಇಲ್ಲ. ನಾನು ಕಂಡದ್ದು ಬಹಳ ಕಡಿಮೆ.